ಬ್ಯಾರಿಯರ್ ದಾಟೋ ಮುಂಚೆ: ಲಡಾಖ್ ರಸ್ತೆಯ ಚೆಕ್‌ಪೋಸ್ಟ್‌ಗಳ ಕಥೆ

(1/10)
ರಸ್ತೆಗಳ ಇತಿಹಾಸ ಹೇಳೋ ಈ ಸರಣಿಯಲ್ಲಿ ಈ ಸಲ ನಮ್ಮ ಆಲ್ಕೊಳದಿಂದ ಮೂರು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗೋಣ.

ಜೂನ್ ಬಂತು ಅಂದ್ರೆ ನಿಮ್ಮ ಫೀಡ್ ತುಂಬಾ ಒಂದೇ ಥರದ ಫೋಟೋ ಬರುತ್ತೆ, ಗಮನಿಸಿದ್ದೀರಾ? ಕೆಎ-14 ನಂಬರ್ ಪ್ಲೇಟಿನ ಬೈಕು, ಹಿಂದೆ ಬೋಳು ಬೆಟ್ಟ, ಅದರ ಮೇಲೆ ಕಡುನೀಲಿ ಆಕಾಶ, ಪಕ್ಕದಲ್ಲಿ ಎಷ್ಟು ಅಡಿ ಎತ್ತರ ಅಂತ ಬರೆದ ಹಳದಿ ಬೋರ್ಡು. ಲಡಾಖ್. ನಮ್ಮ ಸೀನಿಯರ್‌ಗಳು ಹೋಗಿ ಬಂದಿದ್ದಾರೆ, ನಿಮ್ಮಲ್ಲೂ ತುಂಬಾ ಜನ ಹೋಗ್ಬೇಕು ಅಂತ ದುಡ್ಡು ಕೂಡಿಡ್ತಾ ಇದ್ದೀರಿ.

ಆದ್ರೆ ಆ ಫೋಟೋಗಳಲ್ಲಿ ಒಂದು ವಿಷಯ ಯಾವತ್ತೂ ಇರಲ್ಲ. ಚೆಕ್‌ಪೋಸ್ಟ್. ಕಾರಣ ಸರಳ, ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯೋ ಹಾಗಿಲ್ಲ. ಮಿನಾಮಾರ್ಗ್, ಸರ್ಚು, ಉಪ್ಶಿ, ಕಾರು (ಗಾಡಿ ಅಲ್ಲ, ಊರಿನ ಹೆಸರೇ ಅದು), ಸೌತ್ ಪುಲ್ಲು, ನಾರ್ತ್ ಪುಲ್ಲು. ಗಾಡಿ ನಿಲ್ಲಿಸು, ಹೆಲ್ಮೆಟ್ ತೆಗಿ, ಆಧಾರ್ ತೋರಿಸು, ಜೆರಾಕ್ಸ್ ಕೊಡು, ರಿಜಿಸ್ಟರ್‌ನಲ್ಲಿ ಹೆಸರು ಬರೆಸು. 'ನಮ್ಮದೇ ದೇಶದಲ್ಲಿ ಓಡಾಡೋಕೆ ಇಷ್ಟೆಲ್ಲಾ ಕಾಗದ ಯಾಕಪ್ಪಾ' ಅಂತ ಹೋದವರೆಲ್ಲ ಗೊಣಗ್ತಾರೆ. ಸುಂಕದವನ ಹತ್ರ ಸುಖದುಃಖ ಹೇಳ್ಕೊಂಡ ಹಾಗೆ, ಅಲ್ಲಿ ಕೇಳೋರು ಯಾರೂ ಇಲ್ಲ.

ಆ ಪ್ರಶ್ನೆ ಮಾತ್ರ ಒಳ್ಳೆ ಪ್ರಶ್ನೆ. ಯಾಕೆ? ಉತ್ತರ ಹುಡುಕ್ತಾ ಹೋದ್ರೆ ಒಂದೊಂದು ಬ್ಯಾರಿಯರ್ ಹಿಂದೆಯೂ ಒಂದೊಂದು ಇಸವಿ ಸಿಗುತ್ತೆ. ಸ್ವೈಪ್ ಮಾಡಿ.

(2/10)
ಮೊದಲು ಜಾಗ ಅರ್ಥ ಮಾಡ್ಕೊಳ್ಳೋಣ. ಲಡಾಖ್ ಅಂದ್ರೆ ಮರಳುಗಾಡು. ರಾಜಸ್ಥಾನದ ಥರ ಬಿಸಿ ಅಲ್ಲ, ಶೀತ ಮರುಭೂಮಿ. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ಇಡೀ ವರ್ಷಕ್ಕೆ ಬೀಳೋದು ಸುಮಾರು 100 ಮಿಲಿಮೀಟರ್ ಮಳೆ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಜುಲೈನ ಒಂದು ಜೋರು ದಿನ ಅದಕ್ಕಿಂತ ಜಾಸ್ತಿ ಸುರಿದುಬಿಡುತ್ತೆ.

ಇನ್ನೊಂದು ಲೆಕ್ಕ. ಲಡಾಖ್ ಕೇಂದ್ರಾಡಳಿತ ಪ್ರದೇಶದಲ್ಲಿ ಈಗ ಭಾರತದ ಕೈಯಲ್ಲಿರೋ ಭಾಗ ಸುಮಾರು 59 ಸಾವಿರ ಚದರ ಕಿಲೋಮೀಟರ್, ಅಂದ್ರೆ ನಮ್ಮ ಶಿವಮೊಗ್ಗ ಜಿಲ್ಲೆಯ ಏಳರಷ್ಟು. ಅಲ್ಲಿನ ಜನಸಂಖ್ಯೆ 2011ರ ಜನಗಣತಿ ಪ್ರಕಾರ 2.74 ಲಕ್ಷ. ಅದೇ ಗಣತಿಯಲ್ಲಿ ಶಿವಮೊಗ್ಗ ನಗರ ಒಂದರಲ್ಲೇ 3.22 ಲಕ್ಷ ಜನ! ಏಳು ಜಿಲ್ಲೆಯಷ್ಟು ನೆಲ, ಒಂದು ಊರಿನಷ್ಟೂ ಇಲ್ಲದ ಜನ.

ಇಂಥ ಕಡೆ ರಸ್ತೆಗಳು ಬೆರಳೆಣಿಕೆಯಷ್ಟೇ. ಸಾಗರ ರಸ್ತೆ ಬಂದ್ ಆದ್ರೆ ನಾವು ರಿಪ್ಪನ್‌ಪೇಟೆ ಸುತ್ತಿ ಹೋಗ್ತೀವಿ. ಅಲ್ಲಿ ಹಾಗಿಲ್ಲ. ಎರಡು ಬೆಟ್ಟಸಾಲಿನ ಮಧ್ಯೆ ಒಂದು ನದಿ, ನದಿ ಪಕ್ಕ ಒಂದು ರಸ್ತೆ, ಬೆಟ್ಟ ದಾಟೋಕೆ ಒಂದು 'ಲಾ'. ಲಾ ಅಂದ್ರೆ ಕಣಿವೆದಾರಿ: ಜೋಜಿ ಲಾ, ಖಾರ್ದುಂಗ್ ಲಾ, ಚಾಂಗ್ ಲಾ. ಹಾಗಾಗಿ ಒಂದು ಕೋಲು ಅಡ್ಡ ಇಟ್ರೆ ಸಾಕು, ಒಂದು ಇಡೀ ಕಣಿವೆಗೆ ಬೀಗ ಹಾಕಿದ ಹಾಗೆ. ಬಯಲುಸೀಮೆಯಲ್ಲಿ ಇಂಥ ಕಾವಲು ಕಷ್ಟ, ಇಲ್ಲಿ ಬಹಳ ಸುಲಭ. ಇದನ್ನ ನೆನಪಲ್ಲಿಡಿ, ಮುಂದಿನ ಕಥೆಗೆಲ್ಲ ಇದೇ ಬುನಾದಿ.

(3/10)
ಹಾಗಂತ ಲಡಾಖ್ ಯಾವಾಗಲೂ ಬೀಗ ಹಾಕಿದ ಜಾಗ ಅಂದ್ಕೋಬೇಡಿ. ನಿಜ ಹೇಳ್ಬೇಕಂದ್ರೆ ಉಲ್ಟಾ. ಇವತ್ತು ಭಾರತದ ನಕ್ಷೆಯಲ್ಲಿ ಲೇಹ್ ಕೊನೆಯ ಮೂಲೆ. ನೂರು ವರ್ಷದ ಹಿಂದೆ ಅದು ನಾಲ್ಕು ದಾರಿ ಸೇರೋ ಸರ್ಕಲ್ ಆಗಿತ್ತು.

ಒಂದು ಕಡೆ ಕಾಶ್ಮೀರ, ಒಂದು ಕಡೆ ಟಿಬೆಟ್, ಒಂದು ಕಡೆ ಬಾಲ್ತಿಸ್ತಾನ, ಉತ್ತರಕ್ಕೆ ಕಾರಕೋರಂ ಕಣಿವೆದಾರಿ ದಾಟಿದ್ರೆ ಯಾರ್ಕಂದ್, ಕಾಶ್ಗರ್. ಉಣ್ಣೆ, ರೇಷ್ಮೆ, ರತ್ನಗಂಬಳಿ, ಚಹಾ, ನೀಲಿಬಣ್ಣ, ಮಸಾಲೆ ಹೊತ್ತ ಕುದುರೆ, ಯಾಕ್, ಒಂಟೆಗಳ ಸಾಲು ಲೇಹ್ ಪೇಟೆಗೆ ಬರ್ತಿತ್ತು. ಆ ವ್ಯಾಪಾರ ಎಷ್ಟು ಮುಖ್ಯ ಆಗಿತ್ತು ಅಂದ್ರೆ, 1870ರಲ್ಲಿ ವೈಸರಾಯ್ ಲಾರ್ಡ್ ಮೇಯೋ ಮತ್ತು ಕಾಶ್ಮೀರದ ಮಹಾರಾಜ ರಣಬೀರ್ ಸಿಂಗ್ ಮಧ್ಯೆ ಒಪ್ಪಂದ ಆಯ್ತು. ಆ ದಾರಿ ನೋಡಿಕೊಳ್ಳೋಕೆ ಅಂತ ಜಂಟಿ ಕಮಿಷನರ್‌ಗಳನ್ನೇ ನೇಮಿಸಿದ್ರು. ಯಾರ್ಕಂದಿನಿಂದ ಬಂದ ವರ್ತಕರು ಲೇಹ್‌ನಲ್ಲೇ ಮದುವೆ ಆಗಿ ನೆಲೆನಿಂತ್ರು. ಅವರ ಪೀಳಿಗೆಯನ್ನ ಇವತ್ತಿಗೂ 'ಅರ್ಗೋನ್' ಅಂತ ಕರೀತಾರೆ.

ನುಬ್ರಾ ಕಣಿವೆಯ ಹುಂದರ್ ಮರಳಲ್ಲಿ ಎರಡು ಡುಬ್ಬದ ಒಂಟೆ ಮೇಲೆ ಕೂತು ಪ್ರವಾಸಿಗಳು ಫೋಟೋ ತೆಗೆಸ್ಕೋತಾರಲ್ಲ? ಆ ಒಂಟೆಗಳು ಪ್ರವಾಸೋದ್ಯಮಕ್ಕೆ ಅಂತ ತಂದವಲ್ಲ. 1949ರಲ್ಲಿ ಶಿನ್‌ಜಿಯಾಂಗ್ ಕಮ್ಯುನಿಸ್ಟ್ ಚೀನಾದ ಕೈಸೇರಿತು. ಕಾರಕೋರಂ ದಾರಿ ಮುಚ್ಚಿಹೋಯ್ತು. ವ್ಯಾಪಾರ ನಿಂತಾಗ ಈ ಕಡೆ ಉಳಿದುಬಿಟ್ಟ ಒಂಟೆಗಳ ಮರಿಮಕ್ಕಳು ಅವು. ಅಂದ್ರೆ ನೀವು ಸವಾರಿ ಮಾಡೋದು ಮುಚ್ಚಿಹೋದ ಒಂದು ಗಡಿಯ ನೆನಪಿನ ಮೇಲೆ.

(4/10)
ಈಗ ನಮ್ಮ ಕೊಡಗಿನವರೊಬ್ಬರು ಕಥೆಗೆ ಬರ್ತಾರೆ. ಕೊಡಂದೆರ ಸುಬ್ಬಯ್ಯ ತಿಮ್ಮಯ್ಯ, ಹುಟ್ಟಿದ್ದು 1906ರಲ್ಲಿ ಮಡಿಕೇರಿಯಲ್ಲಿ.

1948ರಲ್ಲಿ ಪಾಕಿಸ್ತಾನದ ಕಡೆಯಿಂದ ಬಂದ ಪಡೆಗಳು ಕಾರ್ಗಿಲ್, ದ್ರಾಸ್, ಜೋಜಿ ಲಾ ಹಿಡಿದುಕೊಂಡ್ವು. ಶ್ರೀನಗರದಿಂದ ಲೇಹ್‌ಗೆ ಇದ್ದ ಒಂದೇ ದಾರಿ ಕಡಿದುಹೋಯ್ತು. ಆ ದಾರಿನೂ ಆಗ ರಸ್ತೆ ಅಲ್ಲ, ಹೇಸರಗತ್ತೆ ನಡೆಯೋ ಕಾಲುದಾರಿ. ಲಡಾಖಿ ಇಂಜಿನಿಯರ್ ಸೋನಂ ನೋರ್ಬು ಊರ ಜನರನ್ನ ಸೇರಿಸಿಕೊಂಡು ಲೇಹ್‌ನಲ್ಲಿ ವಿಮಾನ ಇಳಿಯೋಕೆ ನೆಲ ಹದ ಮಾಡಿದ್ರು. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನ ಇಳಿಸಿದ್ರು. ಅದರಲ್ಲಿ ಕೂತಿದ್ದವರು ಮೇಜರ್ ಜನರಲ್ ತಿಮ್ಮಯ್ಯ.

ಆದ್ರೆ ವಿಮಾನದಲ್ಲಿ ಒಂದು ನಾಡನ್ನ ಉಳಿಸಿಕೊಳ್ಳೋಕೆ ಆಗಲ್ಲ, ರಸ್ತೆ ಬೇಕು. ಮದ್ರಾಸ್ ಸ್ಯಾಪರ್ಸ್‌ನವರು (ಇವರ ಕೇಂದ್ರ ನಮ್ಮ ಬೆಂಗಳೂರಿನ ಹಲಸೂರಲ್ಲಿದೆ) ಬಾಲ್ತಾಲ್‌ನಿಂದ ಜೋಜಿ ಲಾ ಕಡೆಗೆ ದಾರಿ ಅಗಲ ಮಾಡಿದ್ರು. ಶತ್ರುವಿಗೆ ಗೊತ್ತಾಗಬಾರದು ಅಂತ ಸ್ಟುವರ್ಟ್ ಟ್ಯಾಂಕ್‌ಗಳ ಮೇಲ್ಭಾಗ ಕಳಚಿ ಸಾಗಿಸಿದ್ರು. 1948ರ ನವೆಂಬರ್ 1ರಂದು, ಹಿಮದ ಮಧ್ಯೆ, ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಮೇಲೆ ಟ್ಯಾಂಕ್‌ಗಳು ಹತ್ತಿದ್ವು. ಎದುರಿಗಿದ್ದವರು ಅದನ್ನ ಕನಸಲ್ಲೂ ಎಣಿಸಿರಲಿಲ್ಲ. ಅದೇ ತಿಂಗಳು ಕಾರ್ಗಿಲ್ ಕೈಗೆ ಬಂತು, ಲೇಹ್‌ಗೆ ದಾರಿ ತೆರೀತು.

ಇವತ್ತು ಜೋಜಿ ಲಾದಲ್ಲಿ ಟ್ರಕ್ ಹಿಂದೆ ಸಿಕ್ಕಿಹಾಕಿಕೊಂಡು ಹಾರ್ನ್ ಹೊಡೆಯೋ ಮುಂಚೆ ಇದನ್ನ ಒಂದ್ಸಲ ನೆನೆಸ್ಕೊಳ್ಳಿ. ಲಡಾಖ್‌ನಲ್ಲಿ ರಸ್ತೆ ಮತ್ತು ಸೈನ್ಯ ಹುಟ್ಟಿನಿಂದಲೇ ಜೋಡಿ.

(5/10)
ಈ ಭಾಗ ದಯವಿಟ್ಟು ಪೂರ್ತಿ ಓದಿ, ಇದು ನಮ್ಮೂರಿಗೂ ಸಂಬಂಧಪಟ್ಟಿದ್ದು.

1957ರಲ್ಲಿ ಚೀನಾ ಒಂದು ರಸ್ತೆ ಮುಗೀತು ಅಂತ ಘೋಷಿಸ್ತು, ಶಿನ್‌ಜಿಯಾಂಗ್‌ನಿಂದ ಟಿಬೆಟ್‌ಗೆ. ಆ ರಸ್ತೆ ಹಾದುಹೋಗಿದ್ದು ಭಾರತ ತನ್ನದು ಅನ್ನೋ ಅಕ್ಸಾಯ್ ಚಿನ್ ಒಳಗಿಂದ. ಯೋಚನೆ ಮಾಡಿ: ತನ್ನ ನೆಲ ಅಂತ ಹೇಳೋ ಕಡೆ ಇನ್ನೊಂದು ದೇಶ ರಸ್ತೆ ಹಾಕಿ ಮುಗಿಸೋವರೆಗೂ ಈ ಕಡೆ ಸರಿಯಾಗಿ ಕಾವಲೇ ಇರಲಿಲ್ಲ. ಆ ಎತ್ತರದ ಮರಳುಗಾಡು ಅಷ್ಟು ನಿರ್ಜನ.

ಆಗ ಆ ಗಡಿಯಲ್ಲಿ ಗಸ್ತು ತಿರುಗ್ತಿದ್ದವರು ಸೈನಿಕರಲ್ಲ, ಪೊಲೀಸರು. 1959ರ ಅಕ್ಟೋಬರ್ 20ರಂದು ಹಾಟ್ ಸ್ಪ್ರಿಂಗ್ಸ್ ಅನ್ನೋ ಜಾಗದಿಂದ ಗಸ್ತಿಗೆ ಹೋದ ಕೆಲವರು ವಾಪಸ್ ಬರಲಿಲ್ಲ. ಮರುದಿನ, ಅಕ್ಟೋಬರ್ 21, ಅವರನ್ನ ಹುಡುಕೋಕೆ ಕರಮ್ ಸಿಂಗ್ ಅನ್ನೋ ಅಧಿಕಾರಿ ಸುಮಾರು ಇಪ್ಪತ್ತು ಜನರ ಜೊತೆ ಹೊರಟ್ರು. ಬೆಟ್ಟದ ಮೇಲಿಂದ ಚೀನೀ ಸೈನಿಕರು ಗುಂಡು ಹಾರಿಸಿದ್ರು. ಹತ್ತು ಪೊಲೀಸರು ಅಲ್ಲೇ ಸತ್ರು, ಕೆಲವರು ಸೆರೆಯಾದ್ರು. ಶವಗಳು ವಾಪಸ್ ಸಿಕ್ಕಿದ್ದು ಸುಮಾರು ಮೂರು ವಾರದ ನಂತರ. ಆಗ ದೇಶದ ಭೂಸೇನೆಯ ಮುಖ್ಯಸ್ಥರು ಯಾರು ಗೊತ್ತಾ? ಅದೇ ತಿಮ್ಮಯ್ಯ. ಈ ಘಟನೆ ಆದ ಮೇಲೆ ಆ ಗಡಿಯ ಹೊಣೆ ಸೈನ್ಯಕ್ಕೆ ಹೋಯ್ತು.

ಪ್ರತಿ ವರ್ಷ ಅಕ್ಟೋಬರ್ 21ರ ಬೆಳಿಗ್ಗೆ ಶಿವಮೊಗ್ಗದ ಡಿಎಆರ್ ಮೈದಾನದಲ್ಲಿ ಪೊಲೀಸ್ ಹುತಾತ್ಮರ ದಿನ ನಡೆಯುತ್ತೆ. ಆ ವರ್ಷ ಕರ್ತವ್ಯದಲ್ಲಿ ಸತ್ತ ಪೊಲೀಸರ ಹೆಸರು ಓದ್ತಾರೆ, ಗಾಳಿಯಲ್ಲಿ ಗುಂಡು ಹಾರಿಸ್ತಾರೆ. ದೇಶದ ಎಲ್ಲಾ ಜಿಲ್ಲೆಯಲ್ಲೂ ಅದೇ ದಿನ. ಆ ತಾರೀಖು ಬಂದಿದ್ದು ಎಲ್ಲಿಂದ ಅಂತ ಈಗ ನಿಮಗೆ ಗೊತ್ತಾಯ್ತು. ಲಡಾಖ್‌ನ ಮರಳುಗಾಡಲ್ಲಿ ಬಿದ್ದ ಆ ಹತ್ತು ಜನರಿಂದ.

(6/10)
ಮುಂದಿನದ್ದು ಬೇಗ ಬೇಗ ನಡೀತು. 1960ರಲ್ಲಿ ಗಡಿ ರಸ್ತೆಗಳಿಗಾಗಿ ಬಿಆರ್‌ಒ ಸಂಸ್ಥೆ ಹುಟ್ತು. ಹಳದಿ ಬೋರ್ಡಿನ ಮೇಲೆ ಪ್ರಾಸ ಕಟ್ಟಿ 'ನಿಧಾನ ಓಡ್ಸಿ' ಅಂತ ಬರೆಯೋರು ಇವರೇ. 1962ರಲ್ಲಿ ಯುದ್ಧ. ಅಕ್ಟೋಬರ್ 24ರಂದು, ಯುದ್ಧದ ಮಧ್ಯೆಯೇ, ಇಂಡೋ ಟಿಬೆಟನ್ ಗಡಿ ಪೊಲೀಸ್ ಪಡೆ ಸ್ಥಾಪನೆ ಆಯ್ತು. ನವೆಂಬರ್ 18ರಂದು ಚುಶೂಲ್ ಹತ್ತಿರದ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಅವರ ಕುಮಾವೂನ್ ತುಕಡಿಯ ನೂರಕ್ಕೂ ಹೆಚ್ಚು ಸೈನಿಕರು ಕೊನೆಯವರೆಗೂ ಕಾದಾಡಿ ಸತ್ರು.

ಅಲ್ಲಿಂದ ಮುಂದೆ ಲಡಾಖ್ ಹೊರಗಿನವರಿಗೆ ಮುಚ್ಚಿದ ಬಾಗಿಲು. ಪ್ರವಾಸಿಗಳಿಗೆ ಅದು ತೆರೆದಿದ್ದು 1974ರಲ್ಲಿ. ಆಗಲೂ ಎಲ್ಲಾ ಕಡೆ ಅಲ್ಲ. ನುಬ್ರಾ, ಪ್ಯಾಂಗಾಂಗ್, ತ್ಸೋ ಮೊರಿರಿ ಕಡೆಗೆ ಪರ್ಮಿಟ್ ಇಟ್ಕೊಂಡು ಹೋಗಬಹುದು ಅಂತ ಆಗಿದ್ದು 1994ರಲ್ಲಿ.

ಆ ಪರ್ಮಿಟ್‌ಗೆ ಜನ ಹೇಳೋ 'ಇನ್ನರ್ ಲೈನ್' ಅನ್ನೋ ಹೆಸರು ಇನ್ನೂ ಹಳೇದು. 1873ರಲ್ಲಿ ಬ್ರಿಟಿಷರು ಅಸ್ಸಾಂ ಕಡೆಯ ಬೆಟ್ಟಗಳಿಗೆ ಒಂದು ನಿಯಮ ತಂದ್ರು. ಚಹಾ ತೋಟದವರು, ರಬ್ಬರ್, ಆನೆದಂತದ ವ್ಯಾಪಾರಿಗಳು ಒಂದು ಗೆರೆ ದಾಟಿ ಬುಡಕಟ್ಟು ಜನರ ಜಾಗಕ್ಕೆ ಹೋಗ್ಬೇಕಂದ್ರೆ ಅನುಮತಿ ಬೇಕು ಅಂತ. ಆ ಗೆರೆಯೇ ಇನ್ನರ್ ಲೈನ್. ಸಾಮ್ರಾಜ್ಯ ಹೋಯ್ತು, ಪದ ಉಳೀತು.

2021ರ ಆಗಸ್ಟ್‌ನಲ್ಲಿ ಭಾರತೀಯರಿಗೆ ಲಡಾಖ್‌ನಲ್ಲಿ ಈ ಪರ್ಮಿಟ್ ಬೇಡ ಅಂತ ಆದೇಶ ಬಂತು. ಆದ್ರೂ ಆನ್‌ಲೈನ್ ಅರ್ಜಿ, ಪರಿಸರ ಶುಲ್ಕ, ಚೆಕ್‌ಪೋಸ್ಟ್‌ನಲ್ಲಿ ತೋರಿಸೋ ಕಾಗದ ಯಾವುದೂ ತಪ್ಪಲಿಲ್ಲ. ಬೀಗ ಹೋದ್ರೂ ಚಿಲಕ ಇದ್ದೇ ಇದೆ.

(7/10)
ಈಗ ತುರ್ತುಕ್‌ಗೆ ಹೋಗೋಣ. ಹುಂದರ್‌ನಿಂದ ಶ್ಯೋಕ್ ನದಿ ಹಿಡಿದು ಪಶ್ಚಿಮಕ್ಕೆ ಹೋದ್ರೆ ಮರಳುಗಾಡಿನ ಮಧ್ಯೆ ದಿಢೀರ್ ಅಂತ ಏಪ್ರಿಕಾಟ್ ಮರಗಳು, ಕಲ್ಲಿನ ಕಾಲುವೆ, ಹಸಿರು ಗದ್ದೆ. ಬಾಲ್ತಿ ಭಾಷೆ ಮಾತಾಡೋ ಮುಸ್ಲಿಮರ ಊರು.

1971ರ ಡಿಸೆಂಬರ್‌ವರೆಗೆ ಈ ಊರು ಪಾಕಿಸ್ತಾನದ ಕೈಯಲ್ಲಿತ್ತು. ಆ ಯುದ್ಧದಲ್ಲಿ ನುಬ್ರಾದವರೇ ಆದ ಮೇಜರ್ ಚೆವಾಂಗ್ ರಿಂಚೆನ್ ನೇತೃತ್ವದ ಪಡೆ ಚಲುಂಕಾ, ತುರ್ತುಕ್, ತ್ಯಾಕ್ಷಿ, ಥಾಂಗ್ ಹಳ್ಳಿಗಳನ್ನ ಗೆದ್ದುಕೊಂಡ್ತು. ರಿಂಚೆನ್ ಅವರಿಗೆ ಮಹಾವೀರ ಚಕ್ರ ಎರಡು ಸಲ ಬಂದಿದೆ, 1948ರ ಹೋರಾಟಕ್ಕೊಮ್ಮೆ, 1971ಕ್ಕೊಮ್ಮೆ.

ಗೆಲುವಿನ ಕಥೆ ನಮಗೆ ಗೊತ್ತು. ಊರಿನವರ ಕಡೆಯಿಂದ ನೋಡಿ. ರಾತ್ರಿ ಮಲಗಿದ್ದು ಒಂದು ದೇಶದಲ್ಲಿ, ಬೆಳಿಗ್ಗೆ ಎದ್ದಿದ್ದು ಇನ್ನೊಂದರಲ್ಲಿ. ಓದೋಕೆ, ಕೆಲಸಕ್ಕೆ ಅಂತ ಸ್ಕರ್ದು ಕಡೆ ಹೋಗಿದ್ದ ಗಂಡ, ಮಗ, ತಮ್ಮ ಆ ಕಡೆಯೇ ಉಳಿದ್ರು. 1972ರ ಶಿಮ್ಲಾ ಒಪ್ಪಂದದ ಮೇಲೆ ಗಡಿ ನಿಯಂತ್ರಣ ರೇಖೆ ಗಟ್ಟಿ ಆಯ್ತು. ಕಣ್ಣಿಗೆ ಕಾಣೋ ಬೆಟ್ಟದ ಆಚೆ ಇರೋ ಅಣ್ಣನ್ನ ನೋಡೋಕೆ ಪಾಸ್‌ಪೋರ್ಟು, ವೀಸಾ, ದೆಹಲಿ, ವಾಘಾ, ಇಸ್ಲಾಮಾಬಾದ್ ಅಂತ ಸಾವಿರಾರು ಕಿಲೋಮೀಟರ್ ಸುತ್ತಬೇಕಿತ್ತು. ಅದೂ ವೀಸಾ ಸಿಕ್ಕರೆ.

ತುರ್ತುಕ್ ಪ್ರವಾಸಿಗಳಿಗೆ ತೆರೆದಿದ್ದು 2010ರಲ್ಲಿ. ಅಂದ್ರೆ ಮೂವತ್ತೊಂಬತ್ತು ವರ್ಷ ಆ ಊರಿಗೆ ನೀವು ಹೋಗೋ ಹಾಗಿರಲಿಲ್ಲ. ಇವತ್ತು ನಾವು ಹೋಗಿ ಹೋಮ್‌ಸ್ಟೇನಲ್ಲಿ ಊಟ ಮಾಡಿ, ಥಾಂಗ್‌ನಲ್ಲಿ ದುರ್ಬೀನು ಹಾಕಿ 'ಅದೋ ಪಾಕಿಸ್ತಾನ' ಅಂತ ನೋಡಿ ಬರ್ತೀವಿ. ಪಕ್ಕದಲ್ಲಿ ನಿಂತಿರೋ ಅಜ್ಜಿಗೆ ಅದು ಪಾಕಿಸ್ತಾನ ಅಲ್ಲ, ತವರುಮನೆ ಇರಬಹುದು.

(8/10)
ಈಗ ಕಾರ್ಗಿಲ್, 1999. ಟೈಗರ್ ಹಿಲ್, ತೋಲೋಲಿಂಗ್ ಹೆಸರು ಎಲ್ರಿಗೂ ಗೊತ್ತು. ನುಸುಳಿದವರು ಆ ಶಿಖರಗಳನ್ನೇ ಯಾಕೆ ಹಿಡಿದ್ರು? ಅಲ್ಲಿಂದ ಕೆಳಗೆ ನೋಡಿದ್ರೆ ಶ್ರೀನಗರ–ಲೇಹ್ ಹೆದ್ದಾರಿ ಅಂಗೈ ಮೇಲೆ ಇಟ್ಟ ಹಾಗೆ ಕಾಣುತ್ತೆ. ಗುರಿ ಶಿಖರ ಅಲ್ಲ, ರಸ್ತೆ. 1948ರಲ್ಲಿ ತಿಮ್ಮಯ್ಯ ಟ್ಯಾಂಕ್ ಹತ್ತಿಸಿ ಬಿಡಿಸಿಕೊಂಡ ಅದೇ ದಾರಿ.

ನುಬ್ರಾದಿಂದ ಇನ್ನೂ ಮೇಲಕ್ಕೆ ಹೋದ್ರೆ ಸಿಯಾಚಿನ್. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಿದ್ದಾರಾ? 2016ರ ಫೆಬ್ರವರಿ 3ರಂದು ಹಿಮಕುಸಿತದಲ್ಲಿ ಸಿಕ್ಕಿದ್ರು, ಆರು ದಿನದ ನಂತರ ಉಸಿರಾಡ್ತಾ ಸಿಕ್ರು, ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಹೋದ್ರು. ಇಡೀ ಕರ್ನಾಟಕ ಟಿವಿ ಮುಂದೆ ಕೂತಿತ್ತು. ಆ ಚೆಕ್‌ಪೋಸ್ಟ್‌ಗಳಲ್ಲಿ ನಿಮ್ಮ ಆಧಾರ್ ನೋಡೋ ಹುಡುಗರೂ ಹೀಗೇ ಯಾವುದೋ ಬೆಟದೂರಿನಿಂದ ಬಂದೋರು. ಕೆಎ ನಂಬರ್ ನೋಡಿ 'ಯಾವೂರು ನಿಮ್ದು?' ಅಂತ ಕನ್ನಡದಲ್ಲೇ ಕೇಳಿದ್ರೂ ಆಶ್ಚರ್ಯ ಪಡಬೇಡಿ.

ಹಾಗಂತ ಕಾವಲು ಅಂದ್ರೆಲ್ಲ ಒಂದೇ ಅಂತಲೂ ಅಲ್ಲ. ಕಾರಕೋರಂ ಆಚೆ, ಹಿಂದೆ ಲೇಹ್ ಜೊತೆ ವ್ಯಾಪಾರ ಮಾಡ್ತಿದ್ದ ಅದೇ ಯಾರ್ಕಂದ್, ಕಾಶ್ಗರ್ ಕಡೆ 2017ರ ಹೊತ್ತಿಗೆ ಹೆಜ್ಜೆಗೊಂದು ಪೊಲೀಸ್ ಚೌಕಿ, ಮುಖ ಗುರುತಿಸೋ ಕ್ಯಾಮೆರಾ ಬಂದ್ವು. ಅಲ್ಲಿಗೆ ಹೋದ ವಿದೇಶಿ ಪ್ರವಾಸಿಗಳು ಹೇಳಿದ್ದೇನು ಅಂದ್ರೆ, ತಮ್ಮನ್ನ ಬೇಗ ಬಿಟ್ಟುಬಿಡ್ತಿದ್ರು, ಅದೇ ಸಾಲಿನಲ್ಲಿದ್ದ ಸ್ಥಳೀಯ ಉಯ್ಗುರ್ ಜನರ ಫೋನು, ಗುರುತಿನ ಚೀಟಿ ತಡಕಾಡ್ತಿದ್ರು. ಅಲ್ಲಿ ಕಾವಲು ಗಡಿ ಆಚೆಯವರ ಮೇಲಲ್ಲ, ಆ ನೆಲದ ಜನರ ಮೇಲೇ. ಎಲ್ಲೇ ಆಗಲಿ, ಒಂದು ಬ್ಯಾರಿಯರ್ ನೋಡಿದಾಗ ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ನಿಲ್ಲಿಸೋದು ಯಾರನ್ನ, ಎಷ್ಟು ಹೊತ್ತು?

(9/10)
ಆ ಪ್ರಶ್ನೆ ಲಡಾಖ್‌ಗೂ ಕೇಳೋಣ.

ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ ಚಾಂಗ್ಪಾ ಅನ್ನೋ ಕುರಿಗಾಹಿಗಳಿದ್ದಾರೆ. ದುಬಾರಿ ಪಶ್ಮೀನಾ ಶಾಲಿನ ಉಣ್ಣೆ ಬರೋದು ಇವರ ಮೇಕೆಗಳಿಂದ. 2020ರ ಜೂನ್ 15ರಂದು ಗಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ರು. ಆಮೇಲೆ ಮಾತುಕತೆ ಆಗಿ ಕೆಲವು ಕಡೆ ಎರಡೂ ಸೈನ್ಯ ಹಿಂದೆ ಸರಿದು ಮಧ್ಯೆ ಖಾಲಿ ಜಾಗ ಬಿಟ್ವು. ಕಾಗದದ ಮೇಲೆ ಅದು ಖಾಲಿ ಜಾಗ. ಕುರಿಗಾಹಿಗಳಿಗೆ ಅದು ಅಜ್ಜನ ಕಾಲದ ಚಳಿಗಾಲದ ಹುಲ್ಲುಗಾವಲು. ಅಲ್ಲಿಗೆ ಹೋಗೋ ಹಾಗಿಲ್ಲ ಅಂತ ಅವರು ಹೇಳ್ತಾನೇ ಇದ್ದಾರೆ.

ಅದೇ ಪ್ರಸ್ಥಭೂಮಿಯ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ದೂರದರ್ಶಕ ಇದೆ. ಅದನ್ನ ಉಪಗ್ರಹ ಸಂಪರ್ಕದ ಮೂಲಕ ನಡೆಸೋದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ! ಹೊಸಕೋಟೆಯಲ್ಲಿ ಕೂತು ಹಾನ್ಲೆಯ ಆಕಾಶ ನೋಡಬಹುದು. ಹಾನ್ಲೆ ಕಡೆಯ ಕುರಿಗಾಹಿಗೆ ಮಾತ್ರ ಎದುರಿನ ಗುಡ್ಡ ಹತ್ತೋಕೆ ಅಪ್ಪಣೆ ಕೇಳಬೇಕಾಗಬಹುದು.

2019ರ ಅಕ್ಟೋಬರ್ 31ರಂದು ಲಡಾಖ್ ಕೇಂದ್ರಾಡಳಿತ ಪ್ರದೇಶ ಆಯ್ತು. ಲೇಹ್‌ನಲ್ಲಿ ಜನ ಖುಷಿಪಟ್ಟರು. ಆಮೇಲೆ ನಮ್ಮ ನೆಲ, ನಮ್ಮ ಕೆಲಸಕ್ಕೆ ರಕ್ಷಣೆ ಬೇಕು, ಆರನೇ ಅನುಸೂಚಿ ಬೇಕು, ರಾಜ್ಯದ ಸ್ಥಾನ ಬೇಕು ಅಂತ ಚಳವಳಿ ಶುರುವಾಯ್ತು. 2025ರ ಸೆಪ್ಟೆಂಬರ್ 24ರಂದು ಲೇಹ್‌ನಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ ನಾಲ್ಕು ಜನ ಸತ್ರು, ಕರ್ಫ್ಯೂ ಹಾಕಿದ್ರು. ಪ್ರವಾಸಿಗಳು ರೂಮಿನಲ್ಲೇ ಕೂತ್ರು, ಆಮೇಲೆ ವಿಮಾನ ಹತ್ತಿ ಊರಿಗೆ ಬಂದ್ರು. ಅಲ್ಲಿನವರಿಗೆ ಹತ್ತೋಕೆ ವಿಮಾನ ಇರಲಿಲ್ಲ, ಅದೇ ಅವರ ಊರು.

(10/10)
ಕೊನೆಗೆ ಹೋಗೋರಿಗೆ ಒಂದಿಷ್ಟು. ಇದನ್ನ ಸೇವ್ ಮಾಡಿ ಇಟ್ಕೊಳ್ಳಿ.

• ನಿಯಮ ಬದಲಾಗ್ತಾ ಇರುತ್ತೆ. ಹೊರಡೋ ವಾರ ಲೇಹ್ ಆಡಳಿತದ ಜಾಲತಾಣ ನೋಡಿ. ಪರ್ಮಿಟ್ ಮತ್ತು ಗುರುತಿನ ಚೀಟಿಯ ನಾಲ್ಕೈದು ಜೆರಾಕ್ಸ್ ಜೊತೆಗಿರಲಿ, ಚೆಕ್‌ಪೋಸ್ಟ್ ಪಕ್ಕ ಅಂಗಡಿ ಇರಲ್ಲ.
• ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ. ಪೋಸ್ಟ್‌ಪೇಯ್ಡ್ ಬೇಕು. ಮನೇಲಿ ಅಮ್ಮನಿಗೆ ಮೊದಲೇ ಹೇಳಿಬಿಡಿ, ಫೋನ್ ಸಿಗ್ಲಿಲ್ಲ ಅಂತ ಗಾಬರಿ ಆಗ್ತಾರೆ.
• ಸೇತುವೆ, ಸೈನ್ಯದ ಗಾಡಿ, ಶಿಬಿರ, ಬಂಕರ್ ಫೋಟೋ ಬೇಡ. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜೀವಂತ ಇದೆ. ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ.
• ಬೇರೆ ಊರಲ್ಲಿ ಬಾಡಿಗೆಗೆ ತಗೊಂಡ ಬೈಕಲ್ಲಿ ಲೇಹ್ ಸುತ್ತಮುತ್ತ ತಿರುಗೋಕೆ ಅಲ್ಲಿಯವರು ಬಿಡಲ್ಲ. ಸಿಟ್ಟಾಗಬೇಡಿ. ವರ್ಷದಲ್ಲಿ ನಾಲ್ಕೈದು ತಿಂಗಳಷ್ಟೇ ಅವರಿಗೆ ದುಡಿಮೆ.
• ಲೇಹ್ ತಲುಪಿದ ಮೇಲೆ ಎರಡು ದಿನ ಸುಮ್ಮನೆ ಇರಿ. ಶಿವಮೊಗ್ಗದ ಶ್ವಾಸಕೋಶಕ್ಕೆ 3,500 ಮೀಟರ್ ಹೊಸದು.
• ನೀರು ಕಮ್ಮಿ ಬಳಸಿ. 2022ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಪ್ರವಾಸಿಗಳು ಹೋಗಿದ್ದಾರೆ, ಅಲ್ಲಿನ ಜನಸಂಖ್ಯೆಯ ಹೆಚ್ಚುಕಡಿಮೆ ಎರಡರಷ್ಟು. ಆ ನೆಲಕ್ಕೆ ಬೀಳೋ ಮಳೆ ಎಷ್ಟು ಅಂತ ಎರಡನೇ ಭಾಗದಲ್ಲಿ ಓದಿದ್ರಿ.

ಚೆಕ್‌ಪೋಸ್ಟ್ ನಮಗೆ ಹತ್ತು ನಿಮಿಷದ ಕಿರಿಕಿರಿ. ಅಲ್ಲಿ ಹುಟ್ಟಿದವರಿಗೆ ಅದು ದಿನವೂ ದಾಟಬೇಕಾದ ಹೊಸ್ತಿಲು. ಅಲ್ಲಿ ಕಾವಲು ನಿಂತ ಹುಡುಗನಿಗೆ ಮೈನಸ್ ಡಿಗ್ರಿಯ ರಾತ್ರಿ. ಈ ಮೂರೂ ಒಂದೇ ಕೋಲಿನ ಕೆಳಗೆ ನಡೆಯುತ್ತೆ. ರಿಜಿಸ್ಟರ್‌ನಲ್ಲಿ ಹೆಸರು ಬರೆಯುವಾಗ ಅವಸರ ಬೇಡ, ಸ್ಪಷ್ಟವಾಗಿ ಬರೆಯಿರಿ, ಬಿಸಿ ಚಹಾ ಕೊಟ್ರೆ ಬೇಡ ಅನ್ನಬೇಡಿ. ತುರ್ತುಕ್‌ನಲ್ಲಿ ಯಾರಾದರೂ ಅಜ್ಜ ಅಜ್ಜಿ ಮಾತಿಗೆ ಸಿಕ್ಕರೆ ಕ್ಯಾಮೆರಾ ಒಳಗಿಟ್ಟು ಕೇಳಿಸಿಕೊಳ್ಳಿ.

ಮುಂದಿನ ಕಂತು: ಮಲೆನಾಡಿನ ಘಾಟಿಗಳ ಹಳೇ ಸುಂಕದ ಕಟ್ಟೆಗಳು. ಭಾನುವಾರ ಸಿಗೋಣ.

#ರಸ್ತೆಯಇತಿಹಾಸ #ಲಡಾಖ್ #ಶಿವಮೊಗ್ಗ #ಕೆಎ14 #ಆಲ್ಕೊಳ